ಗುರಿ ಬರೆದವರು ಯಾರು? ಆಕ್ಯುಪೇಷನಲ್ ಥೆರಪಿಯಲ್ಲಿ ಸಹಯೋಗ ಎಂದರೆ ಏನು

ಆಕ್ಯುಪೇಷನಲ್ ಥೆರಪಿ ಪಡೆಯುತ್ತಿರುವವರ ಫೈಲು ತೆರೆದರೆ ಅದರಲ್ಲಿ ಗುರಿಗಳ ಪಟ್ಟಿಯೊಂದು ಇದ್ದೇ ಇರುತ್ತದೆ. ತಾವಾಗಿ ಬಟ್ಟೆ ತೊಡುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಚಮಚ ಹಿಡಿದು ಊಟ ಮಾಡುವುದು, ಹೀಗೆ. ಗುರಿ ಮುಟ್ಟಿದರೋ ಇಲ್ಲವೋ ಎಂದು ಆಗಾಗ ಗುರುತು ಹಾಕುತ್ತಾರೆ. ಆದರೆ ಆ ಪಟ್ಟಿಯನ್ನು ಬರೆದವರು ಯಾರು, ಬರೆಯುವಾಗ ಚಿಕಿತ್ಸೆ ಪಡೆಯುವವರು ಏನು ಹೇಳಿದ್ದರು ಎಂದು ಕೇಳುವವರು ಕಡಿಮೆ. ಈ ವೃತ್ತಿಯಲ್ಲಿ ಸಹಯೋಗ ಅನ್ನುವುದು ಶುರುವಾಗುವುದೇ ಈ ಪ್ರಶ್ನೆಯಿಂದ. ಥೆರಪಿಸ್ಟ್ ನಗುನಗುತ್ತ ಮಾತಾಡಿಸುವುದು, ಯೋಜನೆ ಸಿದ್ಧವಾದ ಮೇಲೆ ‘ಇದು ನಿಮಗೆ ಒಪ್ಪಿಗೆಯೇ?’ ಎಂದು ಕೇಳಿ ಸಹಿ ಪಡೆಯುವುದು ಇವೆಲ್ಲ ಬೇಕಾದವೇ. ಇಷ್ಟಕ್ಕೇ ಸಹಯೋಗ ಆಗಿಬಿಡುವುದಿಲ್ಲ. ಏನನ್ನು ಗುರಿ ಮಾಡಿಕೊಳ್ಳಬೇಕು, ಯಾವ ದಾರಿ ಹಿಡಿಯಬೇಕು, ಎಲ್ಲಿಗೆ ಸಾಕು ಎನ್ನಬೇಕು ಎಂಬ ಮೂರನ್ನೂ ಇಬ್ಬರೂ ಕೂಡಿ ತೀರ್ಮಾನಿಸಬೇಕು. ಇದಿಲ್ಲದೆ ಮಾಡಿದ ಚಿಕಿತ್ಸೆ ಅರ್ಧ ಚಿಕಿತ್ಸೆ ಎಂದೇ ನನ್ನ ನಂಬಿಕೆ.

ಅದು ಏಕೆಂದು ತಿಳಿಯಲು ಈ ವೃತ್ತಿ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ಕಾಯಿಲೆ, ಅಪಘಾತ, ಹುಟ್ಟಿನಿಂದ ಬಂದ ತೊಂದರೆ, ಮಾನಸಿಕ ಅಸ್ವಸ್ಥತೆ ಅಥವಾ ಮುಪ್ಪು ಇವುಗಳಿಂದ ದಿನನಿತ್ಯದ ಕೆಲಸಗಳು ಕೈತಪ್ಪಿದವರಿಗೆ ಅವನ್ನು ಮರಳಿ ಮಾಡುವ ದಾರಿ ಹುಡುಕಿಕೊಡುವುದು ಆಕ್ಯುಪೇಷನಲ್ ಥೆರಪಿ. ಸ್ನಾನ, ಅಡುಗೆ, ಬರವಣಿಗೆ, ಶಾಲೆ, ದುಡಿಮೆ, ಆಟ ಎಲ್ಲವೂ ಇದರ ವ್ಯಾಪ್ತಿಯೊಳಗೇ ಬರುತ್ತವೆ. ಥೆರಪಿಸ್ಟ್ ಮೂರು ಕಡೆ ಕೈ ಹಾಕಬಹುದು. ವ್ಯಕ್ತಿಯ ಶಕ್ತಿ, ಕೌಶಲಗಳನ್ನು ಬೆಳೆಸಬಹುದು. ಕೆಲಸ ಮಾಡುವ ರೀತಿಯನ್ನು ಬದಲಿಸಬಹುದು. ಸುತ್ತಲಿನ ಜಾಗ, ಸಲಕರಣೆಗಳನ್ನು ಮಾರ್ಪಡಿಸಬಹುದು. ಸೋಂಕಿಗೆ ಕೊಟ್ಟ ಆಂಟಿಬಯಾಟಿಕ್, ನುಂಗಿದವರಿಗೆ ಇಷ್ಟವಿದ್ದರೂ ಇಲ್ಲದಿದ್ದರೂ ತನ್ನ ಕೆಲಸ ಮಾಡುತ್ತದೆ. ಇಲ್ಲಿ ಹಾಗಲ್ಲ. ಕೆಲಸವನ್ನು ಮಾಡಬೇಕಾದವರು ಚಿಕಿತ್ಸೆ ಪಡೆಯುವವರೇ. ಅದೂ ಥೆರಪಿಸ್ಟ್ ಎದುರಿಗಿಲ್ಲದ ಹೊತ್ತಿನಲ್ಲಿ, ತಮ್ಮ ಮನೆಯಲ್ಲಿ, ತಮ್ಮ ಮನಸ್ಸಿನಿಂದ. ಸ್ನಾಯು, ನರ, ನೆನಪು, ಸಲಕರಣೆ ಇವುಗಳ ಬಗ್ಗೆ ಥೆರಪಿಸ್ಟ್‌ಗೆ ಗೊತ್ತು. ಆ ಮನೆಯ ಬೆಳಗು ಹೇಗೆ ಶುರುವಾಗುತ್ತದೆ, ಯಾವ ಕೆಲಸ ನಿಂತುಹೋದದ್ದು ಹೆಚ್ಚು ನೋಯಿಸುತ್ತಿದೆ, ಯಾರ ಸಹಾಯ ಪಡೆಯಲು ಮುಜುಗರ ಎಂಬುದು ಗೊತ್ತಿರುವುದು ಆ ವ್ಯಕ್ತಿಗೆ ಮಾತ್ರ. ಎರಡೂ ತಿಳಿವಳಿಕೆ ಒಂದೆಡೆ ಸೇರದಿದ್ದರೆ ಯೋಜನೆ ಕಾಗದದ ಮೇಲೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ನಡೆಯುವುದಿಲ್ಲ.

ಜಡೆ ಹೆಣೆಯಬೇಕೆಂದ ಅಜ್ಜಿ

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಪಾರ್ಶ್ವವಾಯು ಆಗಿ ಎಡಗೈಯ ಹಿಡಿತ ಸೋತಿರುವ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ಎಲ್ಲರ ಎಣಿಕೆಯಂತೆ ಮೊದಲ ಗುರಿ ಬಟ್ಟೆ ತೊಡುವುದು. ಥೆರಪಿಸ್ಟ್ ಹಾಗೆ ಬರೆದುಕೊಳ್ಳುವ ಬದಲು, ‘ಅಮ್ಮಾ, ಹುಷಾರು ತಪ್ಪುವ ಮುಂಚೆ ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡ್ತಿದ್ರಿ, ಒಂದೊಂದಾಗಿ ಹೇಳಿ’ ಎನ್ನುತ್ತಾಳೆ. ಅಜ್ಜಿ ಹೇಳುತ್ತ ಹೋಗುತ್ತಾರೆ. ಮೊಮ್ಮಗಳ ಮಾತು ಬಂದಲ್ಲಿ ನಿಲ್ಲುತ್ತಾರೆ. ‘ದಿನಾ ಶಾಲೆಗೆ ಹೋಗುವಾಗ ನಾನೇ ಜಡೆ ಹಾಕ್ತಿದ್ದೆ ಕಣಮ್ಮ. ಈಗ ಯಾರೋ ರಬ್ಬರ್‌ಬ್ಯಾಂಡ್ ಸುತ್ತಿ ಕಳಿಸ್ತಾರೆ.’

ಇಲ್ಲಿ ಥೆರಪಿಸ್ಟ್ ಪರಿಣತಿ ಕೆಲಸಕ್ಕೆ ಬರುತ್ತದೆ. ಜಡೆಗೆ ಕೂದಲನ್ನು ಮೂರು ಪಾಲು ಮಾಡಬೇಕು. ಒಂದು ಕೈ ಎರಡು ಪಾಲುಗಳನ್ನು ಬೆರಳ ಸಂದಿಯಲ್ಲಿ ಬೇರೆ ಬೇರೆಯಾಗಿ ಹಿಡಿದಿರುವಾಗ ಇನ್ನೊಂದು ಕೈ ಮೂರನೆಯದನ್ನು ದಾಟಿಸಬೇಕು. ಅಷ್ಟು ಹೊತ್ತೂ ಬಿಗಿ ಸಡಿಲವಾಗಬಾರದು, ತೋಳುಗಳು ಎತ್ತಿಕೊಂಡೇ ಇರಬೇಕು. ಸೋತ ತೋಳನ್ನು ಎತ್ತಿ ಹಿಡಿಯುವುದು ಕಷ್ಟವಾದ್ದರಿಂದ ಮಗುವನ್ನು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ, ಅಜ್ಜಿಯ ಮೊಣಕೈಗೆ ದಿಂಬಿನ ಆಸರೆ ಕೊಡುವುದು ಅವಳ ಮೊದಲ ಸಲಹೆ. ಮೂರನೆಯ ಪಾಲನ್ನು ಕ್ಲಿಪ್ಪಿನಿಂದ ಹಿಡಿದಿಡುವುದು ಎರಡನೆಯದು. ಅಜ್ಜಿ ತಲೆಯಾಡಿಸುತ್ತಾರೆ: ‘ಕ್ಲಿಪ್ಪು ಹಾಕಿದ್ರೆ ಅವಳು ಕಿತ್ತು ಬಿಸಾಕ್ತಾಳೆ. ಒಂದು ಪಾಲನ್ನ ಅವಳ ಕೈಗೇ ಕೊಟ್ರೆ ಆಗಲ್ವಾ? ಅವಳೇ ಹಿಡ್ಕೋತಾಳೆ.’ ಆಗುತ್ತದೆ. ಕ್ಲಿಪ್ಪು ಕೈಬಿಟ್ಟು ಯೋಜನೆ ಬದಲಾಗುತ್ತದೆ. ಮೊದಲು ಕುರ್ಚಿಯ ಬೆನ್ನಿಗೆ ಕಟ್ಟಿದ ಬಟ್ಟೆಯ ದಪ್ಪ ಪಟ್ಟಿಗಳು, ಆಮೇಲೆ ಉಲ್ಲನ್ ದಾರ, ಕೊನೆಗೆ ಮೊಮ್ಮಗಳ ಕೂದಲು, ಹೀಗೆ ಅಭ್ಯಾಸ ಸುಲಭದ್ದರಿಂದ ಕಷ್ಟದ್ದಕ್ಕೆ ಸಾಗುತ್ತದೆ. ಇದರಲ್ಲಿ ಎಡಗೈಗೆ ಸಿಗುವ ಹಿಡಿತದ ವ್ಯಾಯಾಮ, ರಬ್ಬರ್ ಚೆಂಡನ್ನು ಹಿಸುಕಿ ಪಡೆಯುವುದಕ್ಕಿಂತ ಕಡಿಮೆಯೇನಲ್ಲ. ಚೆಂಡನ್ನು ಅಜ್ಜಿ ಮರೆತಾರು, ಜಡೆಯನ್ನು ಮರೆಯುವುದಿಲ್ಲ.

ಸಹಯೋಗ ನಡೆದಿದೆಯೇ ಎಂದು ಪರೀಕ್ಷಿಸಲು ನಾನು ನೋಡುವುದು ಆ ಕ್ಲಿಪ್ಪಿನ ಸಂಗತಿಯನ್ನೇ. ಚಿಕಿತ್ಸೆ ಪಡೆಯುವವರ ಮಾತಿನಿಂದ ಥೆರಪಿಸ್ಟ್‌ನ ಯೋಜನೆಯಲ್ಲಿ ಏನಾದರೂ ಬದಲಾಯಿತೇ? ಒಂದೂ ಬದಲಾಗಿಲ್ಲವೆಂದರೆ, ಒಂದೋ ಥೆರಪಿಸ್ಟ್ ಮೊದಲ ಸಲವೇ ಎಲ್ಲವನ್ನೂ ಸರಿಯಾಗಿ ಊಹಿಸಿರಬೇಕು, ಇಲ್ಲವೇ ಕೇಳಿಸಿಕೊಂಡಿಲ್ಲ. ಹೆಚ್ಚಾಗಿ ಎರಡನೆಯದೇ ನಿಜ.

ವೃತ್ತಿ ಇಲ್ಲಿಗೆ ಬಂದ ದಾರಿ

1917ರ ಮಾರ್ಚ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಕೆಲವರು ಸೇರಿ ಈ ವೃತ್ತಿಯ ಮೊದಲ ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಸಭೆ ಸೇರಿದ್ದ ಮನೆ ಜಾರ್ಜ್ ಎಡ್ವರ್ಡ್ ಬಾರ್ಟನ್ ಅವರದು. ಅವರು ವಾಸ್ತುಶಿಲ್ಪಿ, ಕ್ಷಯದಿಂದ ಬಳಲಿದವರು, ದೇಹದ ಎಡಭಾಗದ ಸ್ವಾಧೀನವನ್ನೂ ಕಳೆದುಕೊಂಡಿದ್ದವರು, ಕೆಲಸದಲ್ಲಿ ತೊಡಗಿಕೊಂಡೇ ಚೇತರಿಸಿಕೊಂಡವರು. ಅಂದರೆ ವೃತ್ತಿಯ ಸ್ಥಾಪಕರಲ್ಲೇ ಒಬ್ಬರು ರೋಗಿಯ ಸ್ಥಾನದಲ್ಲಿ ಇದ್ದು ಬಂದವರು. ಇದನ್ನು ವೃತ್ತಿ ಮತ್ತೆ ಮತ್ತೆ ನೆನಪಿಸಿಕೊಳ್ಳಬೇಕೆಂದು ನನಗೆ ಅನಿಸುತ್ತದೆ. ಏಕೆಂದರೆ ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಆಸ್ಪತ್ರೆಯ ರೂಢಿಯೇ ಮೇಲಾಗಿ, ಪರಿಣತರು ತೀರ್ಮಾನಿಸುವುದು, ರೋಗಿ ಪಾಲಿಸುವುದು ಎಂಬ ಕ್ರಮ ಇಲ್ಲೂ ನೆಲೆಯೂರಿತು.

ಮರಳುವ ಹೆಜ್ಜೆಗಳಲ್ಲಿ ಮುಖ್ಯವಾದವು ಕೆನಡಾದಲ್ಲಿ ನಡೆದವು. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರ ವಿಚಾರಗಳಿಂದ ಪ್ರೇರಣೆ ಪಡೆದು, 1983ರಲ್ಲಿ ಅಲ್ಲಿನ ಆಕ್ಯುಪೇಷನಲ್ ಥೆರಪಿ ಸಂಘ ಮತ್ತು ಸರ್ಕಾರದ ಆರೋಗ್ಯ ಇಲಾಖೆ ಸೇರಿ, ಚಿಕಿತ್ಸೆ ಪಡೆಯುವವರನ್ನು ಕೇಂದ್ರದಲ್ಲಿಡುವ ಮಾರ್ಗಸೂಚಿಗಳನ್ನು ಹೊರತಂದವು. ಮುಂದಿನ ದಶಕಗಳಲ್ಲಿ ಆ ಮಾತು ವೃತ್ತಿಯ ತುಂಬ ಹರಡಿತು. ಹರಡಿದಷ್ಟೂ ಅದು ಬರಿಯ ಘೋಷಣೆಯಾಗುವ ಅಪಾಯವೂ ಇತ್ತು. ನಾವು ಚಿಕಿತ್ಸೆ ಪಡೆಯುವವರನ್ನೇ ಕೇಂದ್ರದಲ್ಲಿ ಇಟ್ಟುಕೊಂಡಿದ್ದೇವೆ ಎಂದು ಥೆರಪಿಸ್ಟ್‌ಗಳು ತಮಗೆ ತಾವೇ ಹೇಳಿಕೊಂಡರೆ ಸಾಲದು, ಚಿಕಿತ್ಸೆ ಪಡೆದವರಿಗೆ ಹಾಗೆ ಅನಿಸಿದೆಯೇ ಎಂದು ಕೇಳಬೇಕು ಎಂಬ ಕಟು ವಿಮರ್ಶೆಯನ್ನು ಇದೇ ವೃತ್ತಿಯ ವಿದ್ವಾಂಸೆ ಕ್ಯಾರೆನ್ ವ್ಹಾಲಿ ಹ್ಯಾಮೆಲ್ ಮುಂದಿಟ್ಟರು. 2022ರಲ್ಲಿ ಆ ಸಂಘ ಪ್ರಕಟಿಸಿದ ಹೊಸ ಮಾರ್ಗದರ್ಶಿಯು ಹಳೆಯ ಮಾತನ್ನು ಬಿಟ್ಟು, ಸಹಯೋಗದ ಸಂಬಂಧವನ್ನೇ ಆಧಾರವಾಗಿ ಇಟ್ಟುಕೊಂಡಿತು. ಒಬ್ಬರನ್ನು ಕೇಂದ್ರದಲ್ಲಿ ಕೂರಿಸಿ ಸುತ್ತ ನಿಂತವರೆಲ್ಲ ಅವರ ಬಗ್ಗೆ ಮಾತಾಡಿಕೊಳ್ಳುವುದಕ್ಕೂ, ಅವರ ಜೊತೆ ಒಂದೇ ಮೇಜಿಗೆ ಕೂತು ಮಾತಾಡುವುದಕ್ಕೂ ಬಹಳ ಅಂತರವಿದೆ.

ಅಳತೆಗೋಲು ಯಾರ ಕೈಯಲ್ಲಿದೆ

ಮಾತನ್ನು ಆಚರಣೆಗೆ ತಂದ ಸಾಧನಗಳಲ್ಲಿ ಒಂದರ ಪರಿಚಯ ಓದುಗರಿಗೆ ಇರಲೇಬೇಕು. ಮೇರಿ ಲಾ ಮತ್ತು ಸಂಗಡಿಗರು ರೂಪಿಸಿ 1991ರಲ್ಲಿ ಮೊದಲ ಬಾರಿ ಪ್ರಕಟಿಸಿದ ಇದನ್ನು ಥೆರಪಿಸ್ಟ್‌ಗಳು ಸಿಒಪಿಎಂ (ಕೆನಡಿಯನ್ ಆಕ್ಯುಪೇಷನಲ್ ಪರ್ಫಾರ್ಮೆನ್ಸ್ ಮೆಷರ್) ಎನ್ನುತ್ತಾರೆ. ಇದೊಂದು ಸಂದರ್ಶನ. ತಮ್ಮ ಆರೈಕೆ, ದುಡಿಮೆ, ಬಿಡುವು ಈ ಮೂರರಲ್ಲಿ ಯಾವ ಕೆಲಸಗಳು ಕಷ್ಟವಾಗಿವೆ ಎಂದು ವ್ಯಕ್ತಿಯೇ ಹೇಳುತ್ತಾರೆ. ಒಂದೊಂದೂ ತಮಗೆ ಎಷ್ಟು ಮುಖ್ಯ ಎಂಬುದಕ್ಕೆ 1ರಿಂದ 10ರವರೆಗೆ ಅಂಕ ಕೊಡುತ್ತಾರೆ. ಅವುಗಳಲ್ಲಿ ಅತಿ ಮುಖ್ಯವಾದ ಐದರವರೆಗೆ ಆರಿಸಿ, ಈಗ ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದೇನೆ, ಅದರ ಬಗ್ಗೆ ನನಗೆಷ್ಟು ಸಮಾಧಾನವಿದೆ ಎಂದು ಮತ್ತೆ ಅಂಕ ಹಾಕುತ್ತಾರೆ. ಕೆಲವು ಕಾಲದ ಚಿಕಿತ್ಸೆಯ ಬಳಿಕ ಅದೇ ಕೆಲಸಗಳಿಗೆ ಇನ್ನೊಮ್ಮೆ ಅಂಕ. ಎರಡು ಅಂಕ ಅಥವಾ ಅದಕ್ಕಿಂತ ಹೆಚ್ಚು ಏರಿದರೆ ಅದನ್ನು ಗಣನೀಯ ಸುಧಾರಣೆ ಎಂದು ನೋಡುವುದು ವಾಡಿಕೆ.

ಇದರಲ್ಲಿ ದೊಡ್ಡ ವಿಷಯ ಅಂಕಗಳಲ್ಲ, ಅಂಕ ಕೊಡುವ ಕೈ. ನಮ್ಮ ಅಜ್ಜಿ ಬಟ್ಟೆ ತೊಡುವುದಕ್ಕೆ 4, ಜಡೆಗೆ 10 ಕೊಟ್ಟರೆ ಅದನ್ನು ತಿದ್ದುವ ಅಧಿಕಾರ ಥೆರಪಿಸ್ಟ್‌ಗೆ ಇಲ್ಲ. ಮಾಡುವ ರೀತಿಗೆ ಒಂದು ಅಂಕ, ಸಮಾಧಾನಕ್ಕೆ ಬೇರೆ ಅಂಕ ಇರುವುದೂ ಜಾಣತನದ್ದೇ. ಕೈ ಮೊದಲಿನಷ್ಟೇ ಸೋತಿದ್ದರೂ ಹೊಸ ರೀತಿಯಲ್ಲಿ ಕೆಲಸ ಮುಗಿಸಿದ ವ್ಯಕ್ತಿಗೆ ಸಮಾಧಾನ 8 ಇರಬಹುದು. ಅಂಗಿಯ ಗುಂಡಿಯನ್ನು ಯಾರ ನೆರವೂ ಇಲ್ಲದೆ ಹಾಕುವವರಿಗೂ, ಹಾಕಲು ಅರ್ಧ ಗಂಟೆ ಹಿಡಿಯುತ್ತದೆ ಎಂಬ ಬೇಸರದಲ್ಲಿ ಸಮಾಧಾನ 2 ಇರಬಹುದು.

‘ನೀವು ಹೇಳಿದ ಹಾಗೆ’

ಸಹಯೋಗಕ್ಕೆ ಅಡ್ಡಿ ಹೆಚ್ಚಾಗಿ ಜಗಳದ ರೂಪದಲ್ಲಿ ಬರುವುದಿಲ್ಲ, ವಿನಯದ ರೂಪದಲ್ಲಿ ಬರುತ್ತದೆ. ‘ನಿಮ್ಮ ಗುರಿ ಏನು?’ ಎಂದು ಥಟ್ಟನೆ ಕೇಳಿದರೆ ಬಹಳಷ್ಟು ಮಂದಿ ‘ನಮಗೇನು ಗೊತ್ತು, ನೀವು ಹೇಳಿದ ಹಾಗೆ ಮಾಡ್ತೀವಿ ಮೇಡಂ’ ಎನ್ನುತ್ತಾರೆ. ನೋವು, ಭಯ, ಆಸ್ಪತ್ರೆಯ ವಾತಾವರಣ, ಬಿಳಿ ಕೋಟಿನ ಮೇಲಿನ ಗೌರವ ಎಲ್ಲ ಸೇರಿ ಬಾಯಿ ಕಟ್ಟುತ್ತವೆ. ಇದನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ಸುಲಭ, ಸಮಯವೂ ಉಳಿಯುತ್ತದೆ. ಪಳಗಿದ ಥೆರಪಿಸ್ಟ್ ಅಲ್ಲಿಗೆ ಬಿಡುವುದಿಲ್ಲ. ಗುರಿ ಎಂಬ ಮಾತನ್ನೇ ಎತ್ತದೆ ನಿನ್ನೆಯ ದಿನ ಹೇಗೆ ಕಳೆಯಿತು ಎಂದು ಕೇಳುತ್ತಾಳೆ. ಎರಡು ಮೂರು ಆಯ್ಕೆಗಳನ್ನು ಮುಂದಿಟ್ಟು, ಪ್ರತಿಯೊಂದಕ್ಕೂ ಎಷ್ಟು ಕಾಲ ಬೇಕು, ಎಷ್ಟು ಶ್ರಮ ಬೇಕು ಎಂದು ವಿವರಿಸುತ್ತಾಳೆ. ತಿಳಿಯದೇ ಇರುವುದನ್ನು ಆರಿಸಿಕೊಳ್ಳಲು ಯಾರಿಂದಲೂ ಆಗದು. ಹಾಗಾಗಿ ಮಾಹಿತಿ ಕೊಡುವುದೂ ಸಹಯೋಗದೊಳಗೇ ಬರುತ್ತದೆ.

ಎಲ್ಲ ಕೇಳಿದ ಮೇಲೂ ‘ಸದ್ಯಕ್ಕೆ ನೀವೇ ತೀರ್ಮಾನಿಸಿ, ನನಗೆ ಯೋಚಿಸುವ ಶಕ್ತಿ ಇಲ್ಲ’ ಎಂದು ಒಬ್ಬರು ಹೇಳಬಹುದು. ಅದೂ ಅವರ ಆಯ್ಕೆಯೇ. ಅದನ್ನು ಗೌರವಿಸಿ, ಸ್ವಲ್ಪ ಚೇತರಿಸಿಕೊಂಡ ಮೇಲೆ ಮತ್ತೆ ಕೇಳಬೇಕು. ಆ ಮತ್ತೆ ಕೇಳುವುದೇ ಹಲವು ಕಡೆ ತಪ್ಪಿಹೋಗುತ್ತದೆ.

ಥೆರಪಿಸ್ಟ್ ನೇರವಾಗಿ ಹೇಳಿಕೊಡಬೇಕಾದ ಸಂದರ್ಭಗಳೂ ಇವೆ. ಕೆಲವು ಬಗೆಯ ಸೊಂಟದ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯ ನಂತರ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಾಗಿಸಬಾರದೆಂದು ಶಸ್ತ್ರವೈದ್ಯರು ಹೇಳಿದ್ದರೆ, ಅದನ್ನು ಚರ್ಚೆಗೆ ಇಡುವ ಹೊತ್ತು ಅದಲ್ಲ. ರೆನೆ ಟೇಲರ್ ಅವರು 2008ರಲ್ಲಿ ಮಂಡಿಸಿದ ಮಾದರಿಯಲ್ಲಿ ಥೆರಪಿಸ್ಟ್ ವ್ಯವಹರಿಸುವ ಆರು ರೀತಿಗಳಿವೆ: ಪರವಾಗಿ ನಿಲ್ಲುವುದು, ಸಹಯೋಗ, ನೋವನ್ನು ಅರಿಯುವುದು, ಹುರಿದುಂಬಿಸುವುದು, ಹೇಳಿಕೊಡುವುದು, ಸಮಸ್ಯೆ ಬಿಡಿಸುವುದು. ಎದುರಿಗಿರುವವರಿಗೆ ಈ ಕ್ಷಣ ಯಾವುದು ಬೇಕೆಂದು ಗುರುತಿಸಿ ರೀತಿಯನ್ನು ಬದಲಿಸುವುದೇ ಇಲ್ಲಿ ಕೌಶಲ.

ಮಾತು ಕೂಡದಿದ್ದಾಗ

ಬಚ್ಚಲುಮನೆಯಲ್ಲಿ ಎರಡು ಸಲ ಬಿದ್ದಿರುವ ಹಿರಿಯರೊಬ್ಬರು ‘ನಾನು ಒಬ್ಬನೇ ಸ್ನಾನ ಮಾಡಬೇಕು, ಇನ್ನೊಬ್ಬರು ಒಳಗೆ ಬರಕೂಡದು’ ಎನ್ನುತ್ತಾರೆ. ಮನೆಯವರು ಒಪ್ಪುವುದಿಲ್ಲ. ಥೆರಪಿಸ್ಟ್‌ಗೂ ಅಪಾಯ ಕಾಣುತ್ತದೆ. ಸಹಯೋಗವೆಂದರೆ ಅವರು ಹೇಳಿದ್ದಕ್ಕೆಲ್ಲ ಹೂಂಗುಟ್ಟುವುದು ಎಂದುಕೊಂಡವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಇಲ್ಲಿ ಪ್ರಾಮಾಣಿಕವಾಗಿ ಮಾತಾಡುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಬೀಳುವ ಸಂಭವ ಎಲ್ಲಿದೆ? ಒಳಗೆ ಹೆಜ್ಜೆ ಇಡುವಾಗ, ಕಣ್ಣು ಮುಚ್ಚಿ ತಲೆಗೆ ನೀರು ಹಾಕಿಕೊಳ್ಳುವಾಗ, ಒದ್ದೆ ನೆಲದಲ್ಲಿ ಕಾಲು ಒರೆಸಲು ಬಗ್ಗುವಾಗ. ಈ ಮೂರು ಗಳಿಗೆಗಳನ್ನು ಬಿಡಿಬಿಡಿಯಾಗಿ ನೋಡಿದರೆ ಇಡೀ ಸ್ನಾನವೇ ಅಪಾಯ ಎಂಬ ಭಯ ಕರಗುತ್ತದೆ. ಗೋಡೆಗೆ ಹಿಡಿಕೆ, ಕೂತು ಸ್ನಾನ ಮಾಡಲು ಕುರ್ಚಿ, ಕಾಲು ಒರೆಸುವ ಕೆಲಸ ಹೊರಗೆ ಬಂದು ಕೂತ ಮೇಲೆ. ಮೊದಲು ಬಟ್ಟೆ ತೊಟ್ಟೇ, ನೀರಿಲ್ಲದೆ ಅಭ್ಯಾಸ. ಆಮೇಲೆ ಕೆಲವು ದಿನ ಬಾಗಿಲ ಹೊರಗೆ ಒಬ್ಬರು ನಿಲ್ಲುವುದು, ಚಿಲಕ ಹಾಕದಿರುವುದು. ಹಿರಿಯರಿಗೆ ಬೇಕಾಗಿದ್ದದ್ದು ಮರ್ಯಾದೆ, ಮನೆಯವರಿಗೆ ಬೇಕಾಗಿದ್ದದ್ದು ಧೈರ್ಯ. ಈ ಎರಡನ್ನು ಹೆಸರಿಟ್ಟು ಹೇಳುವವರೆಗೆ ಇಬ್ಬರೂ ಸ್ನಾನದ ಬಗ್ಗೆಯೇ ವಾದ ಮಾಡುತ್ತಿರುತ್ತಾರೆ.

ಇನ್ನೂ ಕಷ್ಟದ್ದು, ತಮ್ಮ ತೊಂದರೆಯೇ ತಮಗೆ ಗೊತ್ತಾಗದ ಸ್ಥಿತಿ. ಮಿದುಳಿನ ಬಲಭಾಗಕ್ಕೆ ಪಾರ್ಶ್ವವಾಯು ಬಡಿದ ಕೆಲವರಿಗೆ ಎಡಗಡೆಯ ಕೈ ಸೋತಿರುವುದಾಗಲಿ, ಎಡಬದಿಯ ವಸ್ತುಗಳು ಗಮನಕ್ಕೆ ಬಾರದಿರುವುದಾಗಲಿ ಅರಿವಿಗೇ ಬರುವುದಿಲ್ಲ. ಅವರೊಡನೆ ವಾದಿಸಿ ಫಲವಿಲ್ಲ. ಕೆಲಸ ಶುರುವಾಗುವ ಮುಂಚೆ ‘ಇದಕ್ಕೆ ಎಷ್ಟು ಹೊತ್ತು ಬೇಕು, ಎಲ್ಲಿ ತೊಡಕಾಗಬಹುದು?’ ಎಂದು ಅವರಿಂದಲೇ ಹೇಳಿಸಿ, ಮಾಡಿ ಮುಗಿದ ಮೇಲೆ ಹೇಳಿದ್ದನ್ನೂ ಆದದ್ದನ್ನೂ ಒಟ್ಟಿಗೆ ಕೂತು ಹೋಲಿಸಿ ನೋಡುತ್ತಾರೆ. ತಟ್ಟೆಯ ಎಡಗಡೆ ಉಳಿದ ಅನ್ನ ಥೆರಪಿಸ್ಟ್‌ನ ಮಾತಿಗಿಂತ ಚೆನ್ನಾಗಿ ತಿಳಿಹೇಳುತ್ತದೆ.

ಮಾತೇ ಹೋದವರು, ನೆನಪು ಮಾಸಿದವರು ಏನು ಮಾಡಬೇಕು? ಅವರ ಪರವಾಗಿ ಮನೆಯವರನ್ನು ಕೇಳಿ ಮುಗಿಸುವ ಮುನ್ನ ಮಾಡಬಹುದಾದ ಪ್ರಯತ್ನಗಳು ಬಹಳ ಇವೆ. ಸ್ಕಾಟ್ಲೆಂಡ್‌ನ ಸ್ಟರ್ಲಿಂಗ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಟಾಕಿಂಗ್ ಮ್ಯಾಟ್ಸ್ ಎಂಬ ವಿಧಾನದಲ್ಲಿ ಕೆಲಸಗಳ ಚಿತ್ರಗಳನ್ನು ಚಾಪೆಯಂಥ ಹಲಗೆಯ ಮೇಲೆ ಇಷ್ಟ, ಗೊತ್ತಿಲ್ಲ, ಇಷ್ಟವಿಲ್ಲ ಎಂಬ ಕಡೆಗೆ ಸರಿಸಿದರೆ ಸಾಕು, ಅಭಿಪ್ರಾಯ ಹೊರಬರುತ್ತದೆ. ಚಿತ್ರವೂ ಆಗದಿದ್ದರೆ ಮುಖ, ಕೈ, ದೇಹ ಹೇಳುವುದನ್ನು ಓದಬೇಕು. ಮಡಿಸಲು ಟವೆಲ್ಲುಗಳನ್ನು ಕೊಟ್ಟಾಗ ತಾನಾಗಿ ಚುರುಕಾಗುವ ಕೈಗಳು ಅಲ್ಲೊಂದು ಆಯ್ಕೆಯನ್ನು ಹೇಳುತ್ತಿವೆ.

ಮಕ್ಕಳ ವಿಷಯದಲ್ಲಿ

ಮಕ್ಕಳಿಗೆ ಗುರಿ ಆರಿಸುವ ಬುದ್ಧಿ ಎಲ್ಲಿಂದ ಬರಬೇಕು ಎಂದು ದೊಡ್ಡವರು ಅಂದುಕೊಳ್ಳುತ್ತಾರೆ. ದೇಹದ ಚಲನೆಗಳನ್ನು ಹೊಂದಿಸಿಕೊಳ್ಳುವುದು ಕಷ್ಟವಾಗುವ, ಸಾಮಾನ್ಯವಾಗಿ ಡಿಸಿಡಿ ಎಂದು ಕರೆಯುವ ತೊಂದರೆ ಶಾಲಾ ವಯಸ್ಸಿನ ಮಕ್ಕಳಲ್ಲಿ ಸುಮಾರು ಶೇ. 5ರಿಂದ 6ರಷ್ಟು ಮಂದಿಗೆ ಇರುತ್ತದೆ ಎಂದು ಅಂದಾಜು. ಅವರಿಗಾಗಿ ಹೆಲೀನ್ ಪೊಲಾಟೈಕೊ ಮತ್ತು ಏಂಜೆಲಾ ಮ್ಯಾಂಡಿಚ್ ರೂಪಿಸಿದ ಕೋ-ಆಪ್ ವಿಧಾನದಲ್ಲಿ ಸಾಮಾನ್ಯವಾಗಿ ಮೂರು ಗುರಿಗಳನ್ನು ಮಗುವೇ ಆರಿಸಿಕೊಳ್ಳುತ್ತದೆ. ಗುರಿ, ಯೋಜನೆ, ಮಾಡುವುದು, ಪರೀಕ್ಷಿಸುವುದು ಎಂಬ ನಾಲ್ಕು ಹೆಜ್ಜೆಗಳನ್ನು ಅದಕ್ಕೆ ಕಲಿಸುತ್ತಾರೆ. ಟೀಚರ್‌ಗೆ ಅಕ್ಷರ ದುಂಡಗಾಗಬೇಕು, ಹುಡುಗನಿಗೆ ಸೈಕಲ್ ಬರಬೇಕು ಎಂದಿಟ್ಟುಕೊಳ್ಳಿ. ಥೆರಪಿಸ್ಟ್ ಸೈಕಲ್‌ನಿಂದಲೇ ಶುರುಮಾಡುತ್ತಾಳೆ.

‘ಬೀಳೋ ಮುಂಚೆ ನಿನ್ನ ಕಣ್ಣು ಎಲ್ಲಿತ್ತು ಪುಟ್ಟಾ?’

‘ಪೆಡಲ್ ಮೇಲೆ.’

‘ಬೇರೆ ಎಲ್ಲಿ ನೋಡಬಹುದು?’

‘ಮುಂದೆ... ಆ ಮರ?’

‘ಮಾಡಿ ನೋಡೋಣ.’

ಮುಂದೆ ನೋಡು ಎಂದು ಹೇಳಿಬಿಡುವುದಕ್ಕೆ ಮೂರು ಸೆಕೆಂಡು ಸಾಕಿತ್ತು. ಆದರೆ ತಾನೇ ಕಂಡುಕೊಂಡ ಉಪಾಯ ಹುಡುಗನದ್ದಾಗುತ್ತದೆ, ಉಪಾಯ ಹುಡುಕುವ ಕ್ರಮವೂ ಅವನದ್ದಾಗುತ್ತದೆ. ಮುಂದೆ ಬರವಣಿಗೆಗೆ ಬಂದಾಗ ‘ಪೆನ್ಸಿಲ್ ಎಲ್ಲಿ ಜಾರುತ್ತಿದೆ?’ ಎಂದು ಅವನೇ ತನ್ನನ್ನು ಕೇಳಿಕೊಳ್ಳುವ ಸಾಧ್ಯತೆ ಹೆಚ್ಚು.

ಮನೆಯವರು, ತಂಡದವರು

ಮತ್ತೆ ಅಜ್ಜಿಯ ಮನೆಗೆ. ಬಟ್ಟೆ ತೊಡಲು ಸೊಸೆ ನೆರವಾಗುತ್ತಾಳೆ, ತನಗದರಲ್ಲಿ ಬೇಸರವಿಲ್ಲ ಎಂದು ಅಜ್ಜಿ 4 ಅಂಕ ಕೊಟ್ಟಿದ್ದರು. ಆದರೆ ಅದೇ ಹೊತ್ತಿಗೆ ಸೊಸೆ ಕೆಲಸಕ್ಕೆ ಹೊರಡಬೇಕು. ಅವಳು ಯಾರ ಮುಂದೆಯೂ ಹೇಳಿಕೊಂಡಿಲ್ಲ. ಥೆರಪಿಸ್ಟ್ ಅವಳನ್ನು ಬೇರೆಯಾಗಿ ಮಾತಾಡಿಸಿದಾಗ ಅದು ಗೊತ್ತಾಗುತ್ತದೆ. ನಂತರ ಮೂವರೂ ಕೂತು, ರವಿಕೆಯ ಕೊಕ್ಕೆಯಂಥ ತ್ರಾಸದ ಕೆಲಸ ಬಿಟ್ಟು ಉಳಿದದ್ದನ್ನು ಅಜ್ಜಿ ತಾವೇ ಮಾಡುವುದು, ಸೋತ ಕೈಯನ್ನು ಮೊದಲು ತೋಳಿಗೆ ತೂರಿಸುವ ಕ್ರಮ ಕಲಿಯುವುದು ಎಂದು ತೀರ್ಮಾನಿಸಬಹುದು. ಆರೈಕೆ ಮಾಡುವವರ ದಣಿವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆ ಹೆಚ್ಚು ದಿನ ಬಾಳುವುದಿಲ್ಲ. ಹಾಗೆಂದು ಮನೆಯವರ ಬಯಕೆಯೇ ವ್ಯಕ್ತಿಯ ಗುರಿಯಾಗಿ ಫೈಲಿಗೆ ಇಳಿಯಕೂಡದು. ಯಾರ ಗುರಿ ಯಾವುದು ಎಂದು ಹೆಸರಿನ ಸಮೇತ ಬರೆದಿಡುವುದು ಒಳ್ಳೆಯ ಅಭ್ಯಾಸ.

ವೃತ್ತಿಪರರ ನಡುವಿನ ಸಹಯೋಗದ ಬಗ್ಗೆ ಬರೆದದ್ದು ಬೇಕಾದಷ್ಟಿದೆ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಈ ಕುರಿತು ಹೊರತಂದ ಚೌಕಟ್ಟು, ಬೇರೆ ಬೇರೆ ಹಿನ್ನೆಲೆಯ ಆರೋಗ್ಯ ಕಾರ್ಯಕರ್ತರು ಕೂಡಿ ದುಡಿಯುವುದರ ಜೊತೆಗೆ ರೋಗಿ, ಕುಟುಂಬ, ಆರೈಕೆದಾರರು, ಸಮುದಾಯವನ್ನೂ ಆ ಕೂಟದಲ್ಲಿ ಎಣಿಸುತ್ತದೆ. ವಾರ್ಡಿನಲ್ಲಿ ಇದರ ಅರ್ಥ ತೀರಾ ಸರಳ. ಹಾಸಿಗೆಯಿಂದ ಕುರ್ಚಿಗೆ ಬರಬೇಕಾದ ರೋಗಿಗೆ ಫಿಸಿಯೋಥೆರಪಿಸ್ಟ್ ‘ನೀವೇ ಎದ್ದು ನಿಲ್ಲಿ’ ಎನ್ನುತ್ತಾರೆ; ನರ್ಸ್ ಅವಸರದಲ್ಲಿ ಎತ್ತಿ ಕುರ್ಚಿಗೆ ಕೂರಿಸುತ್ತಾರೆ; ಆಕ್ಯುಪೇಷನಲ್ ಥೆರಪಿಸ್ಟ್ ಹಲಗೆಯ ಮೇಲೆ ಜಾರುವುದನ್ನು ಕಲಿಸುತ್ತಾಳೆ. ಮನೆಗೆ ಹೊರಟ ದಿನ ಮಗನ ತಲೆಯಲ್ಲಿ ಮೂರು ವಿಧಾನಗಳಿದ್ದು ಒಂದೂ ಸರಿಯಾಗಿ ಬರುವುದಿಲ್ಲ. ಮೂವರೂ ಹತ್ತು ನಿಮಿಷ ಮಾತಾಡಿ, ಒಂದೇ ವಿಧಾನ ಒಪ್ಪಿ, ಅದರ ಚಿತ್ರವನ್ನು ಹಾಸಿಗೆಯ ಪಕ್ಕ ಅಂಟಿಸಿದರೆ ಆ ಗೊಂದಲ ಹೋಗುತ್ತದೆ.

ಸಹಯೋಗ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಪುರಾವೆ, ಮೂಲೆ ಸೇರಿದ ಸಲಕರಣೆಗಳು. ಅಮೆರಿಕದಲ್ಲಿ ಫಿಲಿಪ್ಸ್ ಮತ್ತು ಝಾವೊ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಗವೈಕಲ್ಯವಿರುವ 227 ವಯಸ್ಕರನ್ನು ವಿಚಾರಿಸಿದಾಗ, ಅವರಿಗೆ ಸಿಕ್ಕ ಸಲಕರಣೆಗಳಲ್ಲಿ ಶೇ. 29.3ರಷ್ಟನ್ನು ಪೂರ್ತಿ ಬಿಟ್ಟುಬಿಟ್ಟಿದ್ದರು. ಇದರೊಂದಿಗೆ ನಂಟು ಕಂಡುಬಂದ ನಾಲ್ಕು ಕಾರಣಗಳಲ್ಲಿ, ಆಯ್ಕೆ ಮಾಡುವಾಗ ಬಳಸುವವರ ಅಭಿಪ್ರಾಯ ಕೇಳದಿದ್ದದ್ದೂ ಒಂದು. ಬಳಸುವವರ ಅಗತ್ಯ ಬದಲಾದದ್ದು ಇನ್ನೊಂದು. ಅದಕ್ಕೇ ಒಮ್ಮೆ ಕೇಳಿ ಬಿಟ್ಟರೆ ಸಾಲದು.

ನೀವೋ ನಿಮ್ಮವರೋ ಆಕ್ಯುಪೇಷನಲ್ ಥೆರಪಿಗೆ ಹೋಗುವುದಿದ್ದರೆ, ಮೊದಲ ಭೇಟಿಗೆ ಮುಂಚೆ ಒಂದು ಮಾಮೂಲಿ ದಿನವನ್ನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಬರೆದುಕೊಂಡು ಹೋಗಿ. ಯಾವ ಕೆಲಸ ಆಗುತ್ತಿಲ್ಲ ಎಂಬುದರ ಪಕ್ಕದಲ್ಲಿ ಅದು ಎಷ್ಟು ಕಾಡುತ್ತದೆ ಎಂದೂ ಗುರುತು ಮಾಡಿ. ಬಚ್ಚಲು, ಮೆಟ್ಟಿಲು, ಮಲಗುವ ಜಾಗದ ಫೋಟೋಗಳು ಫೋನಿನಲ್ಲಿದ್ದರೆ ತುಂಬಾ ಉಪಯೋಗ. ಕೊಟ್ಟ ವ್ಯಾಯಾಮ ಯಾವ ಕೆಲಸಕ್ಕಾಗಿ ಎಂದು ಕೇಳಿ. ಮನೆಯಲ್ಲಿ ಮಾಡಲಾಗದಿದ್ದರೆ ಮಾಡಿದೆ ಎನ್ನಬೇಡಿ, ಯಾಕೆ ಆಗಲಿಲ್ಲ ಎಂದು ಹೇಳಿ. ಒಳ್ಳೆಯ ಥೆರಪಿಸ್ಟ್‌ಗೆ ಆ ಉತ್ತರದಿಂದಲೇ ಮುಂದಿನ ದಾರಿ ಸಿಗುತ್ತದೆ. ‘ಅದು ಇನ್ನು ಆಗುವುದಿಲ್ಲ’ ಎಂಬ ಮಾತು ಬಂದರೆ, ಅದರ ಯಾವ ಭಾಗ ಆಗುವುದಿಲ್ಲ, ಯಾವ ಭಾಗ ಬೇರೆ ರೀತಿಯಲ್ಲಿ ಆಗಬಹುದು ಎಂದು ಬಿಡಿಸಿ ಹೇಳಲು ಕೇಳಿ.